ಹುಬ್ಬಿನ ಮೇಲಿನ ಕುಂಕುಮ

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಕಣ್ಣಿನ ಕಾರ್ನಿಯಾ ಮೊನಚಾಗಿ ಉಬ್ಬಿ, ಒಂದು ದೀಪ ಮೂರಾಗಿ ಕಾಣುತ್ತಿತ್ತು. ಚಷ್ಮಾ ಸಾಲಲಿಲ್ಲ, ಮೆತ್ತನೆಯ ಲೆನ್ಸೂ ಆಗಲಿಲ್ಲ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ದೊಡ್ಡ, ಗಟ್ಟಿ ಲೆನ್ಸ್ ಕೊಟ್ಟರು. ಅದರ ತುಂಬ ಔಷಧಿ ನೀರು ಹಾಕಿ, ನೆಲ ನೋಡುತ್ತ ಬಗ್ಗಿ ಕಣ್ಣಿಗೆ ಕೂರಿಸಿಕೊಳ್ಳುತ್ತಿದ್ದಳು. ಯಾರು ಕರೆದರೂ ಒಂದೇ ಮಾತು: “ತಡಿ, ಕಣ್ಣ ಹಾಕ್ಕೊಂಡ ಬರ್ತೇನಿ.”

ನಾನು ಮದುವೆಯಾಗಿ ಊರು ಬಿಡುವ ದಿನ ಉಡಿ ತುಂಬಲು ಬಂದಳು. ಅತ್ತತ್ತು ಕಣ್ಣು ಊದಿದ್ದರಿಂದ ಲೆನ್ಸ್ ಕೂರಲೇ ಇಲ್ಲ.

“ಇರ್ಲಿ ಬಿಡ ಅಕ್ಕಾ, ಹಂಗ ಕುಂಕುಮ ಹಚ್ಚು” ಎಂದೆ.

ಅವಳಿಗೆ ಎರಡು ಮೂರು ಹಣೆ ಕಂಡಿರಬೇಕು. ಮುಖ ತಡವಿ ಹಚ್ಚಿದ ಕುಂಕುಮ ಎಡ ಹುಬ್ಬಿನ ಮೇಲೆ ಬಿತ್ತು. ಒರೆಸಿಕೊಳ್ಳದೆ ಬಸ್ಸು ಹತ್ತಿದೆ.

ಈಗ ಕನ್ನಡಿ ನೋಡಿ ಹಣೆಯ ನಟ್ಟನಡುವೆ ಇಟ್ಟುಕೊಳ್ಳುತ್ತೇನೆ. ಹುಬ್ಬಿನ ಮೇಲಿನ ಜಾಗ ಮಾತ್ರ ಬರಿದೆನಿಸುತ್ತದೆ.