ಕರಣಿಯೊಳಗೊಂದು ಕರಣಿ

ಗಣಿತದ ಟೀಚರಾಗಿ ತಲೆ ನರೆತ ಮೇಲೂ ಪಠ್ಯಪುಸ್ತಕದ ಒಂದು ಮಾತಿನ ಮೇಲೆ ನನ್ನ ಸಿಟ್ಟು ಇಳಿದಿಲ್ಲ: ‘ಸುಲಭೀಕರಿಸಿ’. ಸುಮ್ಮನಿದ್ದ ಸಂಖ್ಯೆಗಳನ್ನು ತಾವೇ ಸಿಕ್ಕುಸಿಕ್ಕಾಗಿ ಹೆಣೆದು, ಈಗ ಬಿಡಿಸಿ ಅಂತ ನಮ್ಮ ಕೈಗೆ ಕೊಡುತ್ತಾರೆ. ಆದರೂ ಆ ಪಾಠದಲ್ಲೇ ಒಂದು ಜಾತಿಯ ಲೆಕ್ಕ ನನಗೆ ಪ್ರಾಣ. ವರ್ಗಮೂಲದ ಚಪ್ಪರದ ಕೆಳಗೆ ಇನ್ನೊಂದು ವರ್ಗಮೂಲ ತಲೆ ತಗ್ಗಿಸಿಕೊಂಡು ಕೂತಿರುತ್ತದಲ್ಲ, ಅದು. ಬೋರ್ಡಿನ ಮೇಲೆ ಅದನ್ನು ಬರೆದ ಕೂಡಲೇ ಮಕ್ಕಳ ಮುಖ ಬಾಡುತ್ತದೆ, ನನ್ನದು ಅರಳುತ್ತದೆ. ನಮ್ಮ ಮನೆಯವರು ಹೇಳುವುದುಂಟು: “ನಿನ್ನ ಮಾತೂ ಅಂಗೇ ಕಣೆ. ಒಂದ್ರೊಳಗೆ ಇನ್ನೊಂದು. ಹೊರಕ್ಕೆ ಬರೋ ಅಷ್ಟೊತ್ಗೆ ಅನ್ನ ಆರೋಗಿರ್ತದೆ.”

ಇಂಥ ವರ್ಗಮೂಲಗಳಿಗೆ ನಾವು ಕರಣಿ ಅನ್ನುತ್ತೇವೆ. ಹಿಂದಿನ ಕಾಲದಲ್ಲಿ ಯಜ್ಞದ ವೇದಿಕೆ ಕಟ್ಟುವವರು ಹಗ್ಗ ಹಿಡಿದು ನೆಲ ಅಳೆಯುವಾಗ, ಚೌಕವನ್ನು ‘ಮಾಡುವ’ ಬದಿಗೆ ಕರಣಿ ಎಂದು ಹೆಸರಿಟ್ಟಿದ್ದರಂತೆ. ಇರುವ ಚೌಕದ ಎರಡರಷ್ಟು ಚೌಕ ಬೇಕೆಂದರೆ ಮೂಲೆಯಿಂದ ಮೂಲೆಗೆ ಹಗ್ಗ ಎಳೆದರಾಯಿತು. ಹಗ್ಗಕ್ಕೆ ಅಷ್ಟು ಸಲೀಸಾಗಿ ಸಿಕ್ಕುವ ಉದ್ದ, ಅಂಕಿಯಲ್ಲಿ ಬರೆಯಹೋದರೆ ಮುಗಿಯುವುದೇ ಇಲ್ಲ. ಇದನ್ನು ಹೇಳುವಾಗ ನಾನು ಬಹಳ ಓದಿಕೊಂಡವಳ ಹಾಗೆ ಕಾಣುತ್ತೇನೆ. ಓದಿಕೊಂಡದ್ದು ಅಷ್ಟೇ.

ನನಗೆ ಕರಣಿಯ ಹುಚ್ಚು ಹಿಡಿಸಿದವಳು ರಶೀದಾ. ನಮ್ಮಪ್ಪ ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕ್ವಾರ್ಟರ್ಸಿನಿಂದ ನಾನು ದಿನವೂ ಮಳವಳ್ಳಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ರಶೀದಾಳ ತಂದೆ ಮಳವಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಅವಳು ನನ್ನ ಬೆಂಚಿನವಳು. ಎಂಥ ಲೆಕ್ಕ ಕಂಡರೂ ಅವಳು ಹೆದರುತ್ತಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಮೋಟಾರು ಬಿಚ್ಚುವುದನ್ನು ನೋಡಿ ಬೆಳೆದಿದ್ದಳಲ್ಲ, “ಒಳಗಿರೋದ ನೋಡಮ್ಮಿ ಮೊದ್ಲು, ಹೊರಗಿಂದು ತಾನೇ ಬತ್ತದೆ” ಅನ್ನುತ್ತಿದ್ದಳು.

ಒಂದು ಲೆಕ್ಕ ಹೇಳುತ್ತೇನೆ, ಹೆದರಬೇಡಿ. ಎಂಟರ ಜೊತೆ ಹದಿನೈದರ ವರ್ಗಮೂಲದ ಎರಡರಷ್ಟು ಕೂಡಿಸಿ, ಅದೆಲ್ಲದರ ಮೇಲೆ ಮತ್ತೆ ವರ್ಗಮೂಲ ಹಾಕಿದ್ದಾರೆ ಅನ್ನಿ. ಒಳಗಿನದನ್ನು ಹೊರಗೆ ತರಲು ಎರಡು ಸಂಖ್ಯೆ ಬೇಕು. ಕೂಡಿದರೆ ಎಂಟಾಗಬೇಕು, ಗುಣಿಸಿದರೆ ಹದಿನೈದಾಗಬೇಕು. ನಾವು ಹುಡುಗಿಯರು ಇದನ್ನು ರಾಗವಾಗಿ ಹಾಡುತ್ತಿದ್ದೆವು: “ಕೂಡಿದ್ರೆ ಎಂಟು, ಗುಣಿಸಿದ್ರೆ ಹದಿನೈದು, ಯಾರವ್ವ ಆ ಇಬ್ರು?” ಯಾರೆಂದರೆ ಐದು ಮತ್ತು ಮೂರು. ಐದರ ಮೂಲ, ಮೂರರ ಮೂಲ, ಎರಡನ್ನೂ ಕೂಡಿಸಿದರೆ ಅದೇ ಉತ್ತರ. ಒಂದರೊಳಗೊಂದು ಮುದುರಿಕೊಂಡಿದ್ದವರು ಅಕ್ಕಪಕ್ಕ ನಿಂತು ಉಸಿರಾಡುತ್ತಾರೆ.

ಎಸ್ಸೆಸ್ಸೆಲ್ಸಿ ಮುಗಿದಾಗ ಇಬ್ಬರೂ ಮಂಡ್ಯದ ಕಾಲೇಜಿಗೆ ಸೇರುವುದೆಂದು ಮಾತಾಗಿತ್ತು. ಆ ಬೇಸಿಗೆಯಲ್ಲೇ ಅಪ್ಪನಿಗೆ ದೂರದ ಇನ್ನೊಂದು ಪವರ್ ಹೌಸಿಗೆ ವರ್ಗವಾಯಿತು. ಕೆಲವು ವರ್ಷ ಕಳೆದು ನಾನು ಮಳವಳ್ಳಿಗೆ ಬಂದು ನೋಡಿದರೆ ಮೋಟಾರು ಅಂಗಡಿಯ ಜಾಗದಲ್ಲಿ ಬೇಕರಿ ಇತ್ತು. ಬೇಕರಿಯವನು, “ಸಾಬ್ರು ತೀರ್ಕಂಡ್ರು ಕಣಮ್ಮ. ಮಗಳ್ನ ಮದ್ದೂರು ಕಡೆಗೆ ಕೊಟ್ರು ಅಂತಾರೆ” ಅಂದ. ಅಷ್ಟೇ ಸಿಕ್ಕಿದ್ದು.

ಮುಂದೆ ನನಗೆ ಮಂಡ್ಯದಲ್ಲೇ ಕೆಲಸವಾಯಿತು, ಮನೆಯಾಯಿತು. ಬಸ್ಸು ಮದ್ದೂರಿನಲ್ಲಿ ನಿಂತಾಗ ಎಲ್ಲರೂ ವಡೆ ಹುಡುಕಿದರೆ ನಾನು ಮುಖ ಹುಡುಕುತ್ತಿದ್ದೆ. ಒಮ್ಮೆ ಯಾರೋ ಒಬ್ಬಾಕೆಯ ಹಿಂದೆ ಓಡಿ ಭುಜ ಮುಟ್ಟಿ, ಅವರು ತಿರುಗಿ ನೋಡಿ, ನಾನು ತಡಬಡಾಯಿಸಿ “ಟೈಮೆಷ್ಟು?” ಎಂದು ಕೇಳಿದ್ದೂ ಉಂಟು. ನನ್ನ ಕೈಯಲ್ಲೇ ವಾಚಿತ್ತು. ಸ್ನೇಹಿತೆಯರು ಆಮೇಲೂ ಬಹಳ ಜನ ಸಿಕ್ಕರು. ಸೀರೆಯ ಮಾತಿಗೆ, ಮಕ್ಕಳ ಮಾತಿಗೆ, ಮಂಡಿನೋವಿನ ಮಾತಿಗೆ ಯಾರಿಗೂ ಕೊರತೆಯಿಲ್ಲ. ಒಂದು ಲೆಕ್ಕ ಮುಂದಿಟ್ಟುಕೊಂಡು ಸುಮ್ಮನೆ ಕೂರುವುದಕ್ಕೆ ಮಾತ್ರ ಇನ್ನೊಬ್ಬಳು ಸಿಗಲಿಲ್ಲ.

ಹೋದ ವರ್ಷ ಮಂಡ್ಯದಲ್ಲಿ ಗಣಿತ ಶಿಕ್ಷಕರ ತರಬೇತಿ ಇತ್ತು. ಊಟವಾದ ಮೇಲಿನ ಹೊತ್ತು, ಅರ್ಧ ಜನ ತೂಕಡಿಸುತ್ತಿದ್ದೆವು. ಹೊಸದಾಗಿ ಕೆಲಸಕ್ಕೆ ಸೇರಿದ ನಾಜಿಯಾ ಎಂಬ ಹುಡುಗಿ ಮಾದರಿ ಪಾಠಕ್ಕೆ ನಿಂತಳು. ಬೋರ್ಡಿನ ಮೇಲೆ ಕರಣಿಯೊಳಗೆ ಕರಣಿ ಬರೆದು, ಸೀಮೆಸುಣ್ಣವನ್ನು ನಮ್ಮ ಕಡೆ ಚಾಚಿ ರಾಗ ಎಳೆದಳು: “ಕೂಡಿದ್ರೆ ಏಳು, ಗುಣಿಸಿದ್ರೆ ಹತ್ತು, ಯಾರವ್ವ ಆ ಇಬ್ರು?”

ಎಲ್ಲರೂ ನಕ್ಕರು. ನಾನು ನೆಟ್ಟಗೆ ಕೂತೆ. ಪಾಠ ಮುಗಿಯುವುದನ್ನೇ ಕಾದಿದ್ದು ಹೋಗಿ ಕೇಳಿದೆ, “ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು ನಿಂಗೆ?”

“ನಮ್ಮ ತಾಯಿ, ಮೇಡಂ. ಅವರ ಫ್ರೆಂಡ್ ಒಬ್ಬರು ಕಟ್ಟಿದ್ದಂತೆ. ಬ್ಲಫ್‌ನವರು.”

ಇಷ್ಟು ವರ್ಷ ನಾನು ನನ್ನ ಕ್ಲಾಸಿನ ಮಕ್ಕಳಿಗೆ, ಇದು ನನ್ನ ಗೆಳತಿ ರಶೀದಾ ಕಟ್ಟಿದ್ದು ಎಂದು ಹೇಳಿಕೊಂಡು ಬಂದಿದ್ದೆ. ನನ್ನ ಹೆಸರು ಹೇಳಿದೆ. ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಸುಗುಣ ಖಾಲಾನಾ?” ಅಂದಳು. ಖಾಲಾ ಅಂದರೆ ಚಿಕ್ಕಮ್ಮ. ನಾನು ಕಾಣದ ಮನೆಯೊಂದರಲ್ಲಿ ನಾನು ಎಂದಿನಿಂದಲೋ ಚಿಕ್ಕಮ್ಮನಾಗಿದ್ದೆ.

ಭಾನುವಾರ ಮದ್ದೂರಿನಲ್ಲಿ ಬಸ್ಸು ಬದಲಿಸಿ ಬೆಸಗರಹಳ್ಳಿಯಲ್ಲಿ ಇಳಿದೆ. ನಾಜಿಯಾ ಬಂದು ಕರೆದುಕೊಂಡು ಹೋದಳು. ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ನಿಂತಿದ್ದ ಬೆಳ್ಳಿಗೂದಲಿನ ಹೆಂಗಸು ನಮ್ಮಿಬ್ಬರನ್ನು ಕಂಡು, ಬಿಸಿಲಿಗೆ ಕಣ್ಣಿನ ಮೇಲೆ ಕೈ ಮರೆ ಮಾಡಿ ಕೂಗಿದಳು, “ಯಾರವ್ವ ಆ ಇಬ್ರು?”

ನಿಂತಿದ್ದವಳು ರಶೀದಾಳೇ. ಆದರೆ ಆ ಕೈ, ಆ ಧ್ವನಿಯ ಏರಿಳಿತ ಅವಳದ್ದಲ್ಲ. ನಮ್ಮಮ್ಮನದು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ರಶೀದಾ ನನ್ನ ಜೊತೆ ಬ್ಲಫ್‌ಗೆ ಬರುತ್ತಿದ್ದಳು. ಅಮ್ಮನಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ಹೀಗೇ ಕೂಗುತ್ತಿದ್ದಳು. ಅದನ್ನು ನಾವು ಲೆಕ್ಕಕ್ಕೆ ಅಂಟಿಸಿಕೊಂಡೆವು. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿದೆ. ಮಗಳಾದ ನಾನು ಮರೆತದ್ದನ್ನು ರಶೀದಾ ಬೆಸಗರಹಳ್ಳಿಯಲ್ಲಿ ಜೋಪಾನ ಮಾಡಿದ್ದಳು. ಬೀದಿಯಲ್ಲೇ ನಿಂತು ಅತ್ತೆ. “ಬಾರಮ್ಮಿ ಒಳೀಕೆ, ಜನ ನೋಡ್ತಾವ್ರೆ” ಅಂತ ಕೈ ಹಿಡಿದು ಎಳೆದುಕೊಂಡಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಗಂಡ, ಮಕ್ಕಳು, ಸಕ್ಕರೆ ಕಾಯಿಲೆಯ ಮಾತುಗಳೆಲ್ಲ ಬೇಗ ಮುಗಿದವು. ಟೀ ಲೋಟ ತಿರುಗಿಸುತ್ತ ಅವಳೇ ಅಂದಳು, “ಕಾಲೇಜಿಗೆ ಓಗ್ಬೇಕಿತ್ತು ಕಣಮ್ಮಿ. ಆಗ್ನಿಲ್ಲ. ಇವಳ್ಗೆ ಹತ್ತನೇ ಕ್ಲಾಸ್ ಗಂಟ ನಾನೇ ಲೆಕ್ಕ ಏಳ್ಕೊಟ್ಟೆ. ಏಳ್ಕೊಡೋವಾಗೆಲ್ಲ ಪಕ್ಕದಲ್ಲಿ ನೀನಿದ್ದಂಗೇ ಆಗೋದು.” ನನಗೂ ಹಾಗೇ ಆಗುತ್ತಿತ್ತು ಎಂದು ತಲೆ ಆಡಿಸಿದೆ.

“ಒಂದು ಲೆಕ್ಕ ಕೊಡು ನೋಡಣ” ಅಂದಳು.

ನಾಜಿಯಾ ಪೆನ್ನು ಹಾಳೆ ತಂದಳು. ಮೂರರ ಜೊತೆ ಎರಡರ ವರ್ಗಮೂಲ ಕೂಡಿಸಿ, ಮೇಲೊಂದು ವರ್ಗಮೂಲ ಹಾಕಿ ಕೊಟ್ಟೆ. ರಶೀದಾ ಕನ್ನಡಕ ಏರಿಸಿಕೊಂಡು ತುಟಿಯಲ್ಲೇ ಗುನುಗಿದಳು, “ಕೂಡಿದ್ರೆ ಮೂರು, ಗುಣಿಸಿದ್ರೆ ಅರ್ಧ...” ಎರಡರ ವರ್ಗಮೂಲವೆಂದರೆ ಅರ್ಧದ ವರ್ಗಮೂಲದ ಎರಡರಷ್ಟೇ ತಾನೇ. ಮೂಲೆಯಲ್ಲಿ ಏನೋ ಗೀಚಿದಳು. ಏಳರ ವರ್ಗಮೂಲ ಎದ್ದು ಬಂತು. ಒಂದನ್ನು ಹೊರಗೆ ಕಳಿಸಲು ಹೋದರೆ ಇನ್ನೊಂದು ಒಳಗೆ ಬಂದು ಕೂರುತ್ತದೆ. ಕರಣಿಯೊಳಗಿನ ಕರಣಿಗಳಲ್ಲಿ ಇಂಥವೇ ಹೆಚ್ಚು. ಪಠ್ಯಪುಸ್ತಕದವರು ಬಿಡಿಸಲು ಬರುವಂಥವನ್ನು ಆರಿಸಿ ಕೊಡುತ್ತಾರೆ, ಅಷ್ಟೇ.

ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಇದು ಬರಾಕಿಲ್ಲ. ಗೊತ್ತಿದ್ದೇ ಕೊಟ್ಟೆ ತಾನೇ?”

“ಊಂ” ಅಂದೆ. “ಸ್ವಲ್ಪ ಹೊತ್ತು ಹೆಚ್ಚಿಗೆ ಕೂತಿರಬಹುದಲ್ಲ ಅಂತ.”

ಅವಳು ನಕ್ಕಳು. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಬೇರೆ ಬೇರೆ ಲೆಕ್ಕ ಮಾಡುತ್ತ ಕೂತಿದ್ದೆವು. ಹೊರಡುವಾಗ ಅವಳೊಂದು ಲೆಕ್ಕ ಬರೆದು ಕೊಟ್ಟಳು: ಐದರ ಜೊತೆ ಮೂರರ ವರ್ಗಮೂಲದ ಎರಡರಷ್ಟು, ಮೇಲೆ ವರ್ಗಮೂಲ. ಮಂಡ್ಯಕ್ಕೆ ನೇರ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಹಾಳೆ ಬಿಚ್ಚಿದೆ. ಮೂರು ಮತ್ತು ಒಂದು; ಗುಣಿಸಿದರೆ ಸರಿ, ಕೂಡಿದರೆ ಒಂದು ಕಡಿಮೆ. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಮದ್ದೂರು ಬಂತು, ವಡೆಯವರು ಹತ್ತಿ ಇಳಿದರು, ನಾನು ತಲೆ ಎತ್ತಲಿಲ್ಲ. ಮಂಡ್ಯ ತಲುಪುವ ಮೊದಲೇ ಫೋನು ಮಾಡಿದೆ.

“ರಶೀದಾ, ನಿನ್ನ ಲೆಕ್ಕ ಬರಲ್ಲ ಕಣೆ. ಇದೂ ಬಿಡಿಸೋಕಾಗದ್ದು.”

“ಗೊತ್ತು” ಅಂದಳು ಅವಳು. “ಬರೋ ಭಾನ್ವಾರ ಬಾ, ಇಬ್ರೂ ಕೂತ್ಕಂಡು ನೋಡಣ.”