ಬ್ರೇಕ್ ಶಿವಯೋಗಿ ಬೆನ್ನಟ್ಟಿದ ಕಾರು

ಶಿಕಾರಿಪುರದ ಶಿರಾಳಕೊಪ್ಪ ರಸ್ತೆಯಲ್ಲಿ ನಿಂತು ಶಿವಯೋಗಿಯ ಗ್ಯಾರೇಜ್ ಎಲ್ಲಿ ಎಂದರೆ ಜನ ಯಾವ ಶಿವಯೋಗಿ ಎಂದು ಕೇಳುತ್ತಾರೆ. ಬ್ರೇಕ್ ಶಿವಯೋಗಿ ಎಂದರೆ ಮಾತ್ರ ಕೈ ತೋರಿಸುತ್ತಾರೆ. ಅವನ ಊರು ತೊಗರ್ಸಿ. ತಂದೆ ದೊಡ್ಡಬೀರಪ್ಪ ಇವತ್ತಿಗೂ ಅಲ್ಲಿ ಕುರಿ ಸಾಕಿಕೊಂಡಿದ್ದಾರೆ. ಮಗ ಹದಿನೇಳನೆಯ ವಯಸ್ಸಿಗೆ ದಾವಣಗೆರೆಗೆ ಹೋಗಿ, ಲಾರಿಗಳ ಬ್ರೇಕ್ ಲೈನರ್‌ಗೆ ರಿವೆಟ್ ಹೊಡೆಯುವ ಅಂಗಡಿ ಸೇರಿದ. ಹನ್ನೊಂದು ವರ್ಷ ಆ ಕರಿ ಧೂಳು ಕುಡಿದು, ಬ್ರೇಕಿನ ಕೆಲಸ ಬಿಟ್ಟು ಬೇರೇನೂ ಮಾಡಲಾರೆ ಅನ್ನಿಸಿದ ಮೇಲೆ ಶಿಕಾರಿಪುರಕ್ಕೆ ಬಂದು ಸ್ವಂತ ಶೆಡ್ಡು ಹಾಕಿದ. ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ ಸಂಗೀತ ಬಿಡಿಭಾಗ ತರಿಸುವುದು, ಗಿರಾಕಿಗಳ ಫೋನು, ಎಲ್ಲವನ್ನೂ ನೋಡಿಕೊಳ್ಳುತ್ತಾಳೆ.

ಕೆಲವು ವರ್ಷಗಳಿಂದ ಈ ಕಡೆಯ ಹುಡುಗರಿಗೆ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುವ ಸ್ಪರ್ಧೆಗಳ ಹುಚ್ಚು ಹಿಡಿದಿದೆ. ಸಣ್ಣ ಕಾರು ಕೊಳ್ಳುತ್ತಾರೆ, ಅದರ ಇಂಜಿನ್ನಿನ ಜೋರು ಹೆಚ್ಚಿಸುತ್ತಾರೆ. ಆಗ ಕಂಪನಿಯ ಬ್ರೇಕು ಸಾಲುವುದಿಲ್ಲ. ಅಂಥವರಿಗೆ ಶಿವಯೋಗಿ ಹೊಸ ಬ್ರೇಕ್ ಕಿಟ್ ಕೂರಿಸಿಕೊಡುತ್ತಾನೆ. ಮುಂದಿನ ಗಾಲಿಗಳಿಗೆ ದೊಡ್ಡ ಡಿಸ್ಕ್, ಅದನ್ನು ಕಚ್ಚಿ ಹಿಡಿಯಲು ದೊಡ್ಡ ಕ್ಯಾಲಿಪರ್, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪಿನ ಜಾಗಕ್ಕೆ ಉಕ್ಕಿನ ತಂತಿ ಹೆಣೆದ ಪೈಪು. ಕೂರಿಸಿದ ಮೇಲೆ ಕಾರನ್ನು ತಾನೊಬ್ಬನೇ ಹೊರಗೆ ಒಯ್ದು, ವೇಗ ಹಿಡಿದು, ಇಪ್ಪತ್ತು ಸಲ ನಿಲ್ಲಿಸಿ ನೋಡದೆ ಕೀಲಿ ಕೊಡುತ್ತಿರಲಿಲ್ಲ. ಹೀಗೆ ಮೂವತ್ತೊಂದು ಕಾರು ಮಾಡಿದ್ದ. ಒಂದರಿಂದಲೂ ದೂರು ಬಂದಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಶಿರಾಳಕೊಪ್ಪದ ಗುಡ್ಡಪ್ಪ ಕಾರು ತಂದು ನಿಲ್ಲಿಸಿದರು. ಮೂರು ವಾರದ ಹಿಂದೆ ಕಿಟ್ ಹಾಕಿಸಿಕೊಂಡವರು. ಒಬ್ಬನೇ ಇದ್ದಾಗ ಏನೂ ಇಲ್ಲ, ಮನೆಮಂದಿಯೆಲ್ಲ ಕೂತು ತಿರುವಿನಲ್ಲಿ ಹೋದರೆ ಎಡಗಡೆ ಸರಸರ ಸದ್ದು ಬರುತ್ತದೆ ಎಂದರು. ಶಿವಯೋಗಿ ಸ್ಟೇರಿಂಗ್ ತಿರುಗಿಸಿ, ಟಾರ್ಚ್ ಹಿಡಿದು ಗಾಲಿಯ ಹಿಂದೆ ತಲೆ ತೂರಿಸಿದ.

ಪೈಪಿನ ಮೇಲ್ಕವಚ ಒಂದು ಕಡೆ ಪೂರಾ ಸವೆದುಹೋಗಿತ್ತು. ಒಳಗಿನ ತಂತಿ ಬೆಳ್ಳಗೆ ಹೊಳೆಯುತ್ತಿತ್ತು, ಐದಾರು ಎಳೆ ತುಂಡಾಗಿ ಎದ್ದು ನಿಂತಿದ್ದವು. ಕಾರಿನಲ್ಲಿ ಭಾರ ಹೆಚ್ಚಾದಾಗ ಮೈ ಕೆಳಗಿಳಿದು, ಪೈಪು ಹೊರಕ್ಕೆ ಬಾಗಿ, ತಿರುಗುವ ಗಾಲಿಗೆ ಉಜ್ಜುತ್ತಿತ್ತು. ಅವನು ಪರೀಕ್ಷೆ ಮಾಡಿದ್ದೆಲ್ಲ ಕಾರನ್ನು ಜಾಕಿನ ಮೇಲೆ ಎತ್ತಿ, ಇಲ್ಲವೆ ಒಬ್ಬನೇ ಕೂತು. ತುಂಬಿದ ಕಾರಿನಲ್ಲಿ ಒಂದು ಸಲವೂ ನೋಡಿರಲಿಲ್ಲ.

ಇದೇ ಮಾದರಿಯ ಕಾರಿಗೆ ಇದೇ ಕಿಟ್ಟನ್ನು ಹಾಕಿದ್ದು ಇನ್ನೊಬ್ಬರಿಗೆ ಮಾತ್ರ, ಸೊರಬದ ಆಚೆ ಜಡೆಯ ನಾಗೇಶನಿಗೆ. ಶಿವಯೋಗಿ ಅಲ್ಲೇ ನೆಲದ ಮೇಲೆ ಕೂತು ಫೋನ್ ಮಾಡಿದ. ನಾಗೇಶನ ಫೋನು ವ್ಯಾಪ್ತಿ ಪ್ರದೇಶದಲ್ಲಿರಲಿಲ್ಲ. ಮನೆಗೆ ಮಾಡಿದಾಗ ಅವನ ತಂದೆ ಸಣ್ಣಪ್ಪ ಎತ್ತಿದರು.

"ಎಂಟು ಗಂಟೆಗೇ ಹೋದ್ರು ಕಣಪ್ಪ, ಕುಮಟಾಕ್ಕೆ. ನಮ್ಮನೆಯವಳು, ಮಗಳು ನಯನ, ಅವಳ ಮಕ್ಕಳಿಬ್ಬರು. ಗುಡವೀಲಿ ಹಕ್ಕಿ ತೋರಿಸ್ಕೊಂಡು ಸಿದ್ದಾಪುರದ ಮೇಲೆ ಘಾಟಿ ಇಳೀತೀವಿ ಅಂದ. ಯಾಕೆ?"

ಐದು ಜನ. ಘಾಟಿ. ಏನಾದರೊಂದು ನೆವ ಹೇಳಿ ನಯನಳ ನಂಬರು ಕೇಳಬಹುದು ಎಂಬ ಯೋಚನೆ ಬಂದದ್ದು ನಿಜ ಎಂದು ಶಿವಯೋಗಿಯೇ ಆಮೇಲೆ ಹೇಳಿದ್ದಾನೆ. ಆದರೆ ನೆವ ಹೇಳಿದರೆ ಮುದುಕರು ಆತುರಪಡುವುದಿಲ್ಲ ಎಂದೂ ಹೊಳೆಯಿತು.

"ಯಜಮಾನ್ರೆ, ನಾನು ಹಾಕಿದ ಬ್ರೇಕ್ ಪೈಪು ಗಾಲಿಗೆ ಉಜ್ತಾ ಇದೆ. ಯಾವಾಗ ಬೇಕಾದ್ರೂ ಒಡೀಬಹುದು. ತಪ್ಪು ನಂದೇ. ಈಗ ಕಾರು ನಿಲ್ಲಿಸಬೇಕು, ಮಗಳ ನಂಬರ್ ಕೊಡ್ರಿ."

ಸಣ್ಣಪ್ಪ ಬೈಯಲಿಲ್ಲ. ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು, ಕನ್ನಡಕ ಎಲ್ಲಿಟ್ಟಿದ್ದರೋ ಸಿಗಲಿಲ್ಲ. ಒಂದೊಂದೇ ಅಂಕಿ ಓದಿದರು. ಏಳನೆಯದು ಮೂರೋ ಎಂಟೋ ಎಂದು ತಡವರಿಸಿದರು. ಶಿವಯೋಗಿ ಎರಡನ್ನೂ ಬರೆದುಕೊಂಡು ಚೀಟಿಯನ್ನು ಸಂಗೀತಳ ಕೈಗೆ ಕೊಟ್ಟ. ಸಿಗುವವರೆಗೆ ಮೂರೂ ನಂಬರಿಗೆ ಮಾಡುತ್ತಲೇ ಇರಬೇಕು, ಸಿಕ್ಕಿದ ತಕ್ಷಣ ತನ್ನನ್ನೂ ಲೈನಿಗೆ ಸೇರಿಸಬೇಕು ಎಂದ. ಗುಡ್ಡಪ್ಪನವರಿಗೆ ಕಾರು ಮುಟ್ಟಬೇಡಿ ಎಂದು ಹೇಳಿ, ಹೆಲ್ಮೆಟ್ಟಿನೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೈಕು ಹತ್ತಿದ.

ಶಿರಾಳಕೊಪ್ಪ ದಾಟಿದ್ದು, ಸೊರಬದ ಬಸ್‌ಸ್ಟ್ಯಾಂಡಿನ ಎದುರು ಆಟೋಗಳ ನಡುವೆ ನುಗ್ಗಿದ್ದು ಅವನಿಗೆ ಸರಿಯಾಗಿ ನೆನಪಿಲ್ಲ. ನಡುವೆ ಎರಡು ಸಲ ಸಂಗೀತ ಫೋನ್ ಮಾಡಿ ಸಿಗುತ್ತಿಲ್ಲ ಎಂದಿದ್ದಳು.

ಗುಡವಿಯ ಪಕ್ಷಿಧಾಮದ ಗೇಟಿನಲ್ಲಿ ಕಾವಲಿನವರನ್ನು ವಿಚಾರಿಸಿದ. ಕೆಂಪು ಕಾರು, ಇಬ್ಬರು ಮಕ್ಕಳು, ಹೌದು, ಬಂದಿದ್ದರು, ಹೋಗಿ ಕಾಲು ಗಂಟೆಯಾಯಿತು ಎಂದು ಆ ಮನುಷ್ಯ ಕಾರು ನಿಂತಿದ್ದ ಮರದ ನೆರಳನ್ನು ತೋರಿಸಿದ. ಅಲ್ಲಿ ನೆಲದ ಮೇಲೆ ಅಂಗೈ ಅಗಲದ ಒದ್ದೆ ಇತ್ತು. ಎಸಿಯ ನೀರಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಶಿವಯೋಗಿ ಬಗ್ಗಿ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ ನೋಡಿದ. ಜಾರಿತು. ಇಪ್ಪತ್ತು ವರ್ಷ ದಿನಾ ಮುಟ್ಟಿದ ಬ್ರೇಕ್ ಆಯಿಲ್ಲು.

ಅಲ್ಲಿಂದ ಸಿದ್ದಾಪುರದ ಕಡೆಗೆ ಕಾಡಿನ ದಾರಿ. ಆರೇಳು ಕಿಲೋಮೀಟರ್ ಹೋಗಿರಬೇಕು, ಕಿವಿಯಲ್ಲಿ ಸಂಗೀತ ಮಾತಾಡಿದಳು. "ಸಿಕ್ಕಿದ್ರು ರೀ. ನಯನ ಲೈನಲ್ಲಿದಾರೆ, ಮಾತಾಡ್ರಿ."

ಅವನು ಬೈಕನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಆ ಕಡೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಅಣ್ಣನ ಹತ್ತಿರ ಹಿಡಿಯಲು ನಯನಳಿಗೆ ಹೇಳಿದ. ಅವನು ಬ್ರೇಕಿನ ಮಾತೆತ್ತುವ ಮೊದಲೇ ನಾಗೇಶನ ದನಿ ಬಂತು.

"ಶಿವಯೋಗಣ್ಣ, ಪೆಡಲ್ ತಳಕ್ಕೇ ಹೋಗ್ತಿದೆ. ಇಳಿಜಾರಲ್ಲಿದೀನಿ."

"ಇಂಜಿನ್ ಆಫ್ ಮಾಡಬೇಡ. ಗೇರು ಮೂರಕ್ಕೆ ತಾ. ಪೆಡಲ್ಲು ಒತ್ತಿ ಒತ್ತಿ ಬಿಡ್ತಾ ಇರು, ಒಡೀದೇ ಇರೋ ಇನ್ನೊಂದು ಲೈನು ಸ್ವಲ್ಪ ಹಿಡಿಯತ್ತೆ. ಕಾರು ಒಂದು ಕಡೆಗೆ ಎಳೀಬಹುದು, ಹೆದರಬೇಡ."

"ಮುಂದೆ ತಿರುವು ಇದೆ. ಅದರಾಚೆ ಸೇತುವೆ."

"ಎರಡಕ್ಕೆ ತಾ. ಹ್ಯಾಂಡ್ ಬ್ರೇಕಿನ ಬಟನ್ ಒತ್ತಿಟ್ಕೊಂಡು ಸ್ವಲ್ಪ ಸ್ವಲ್ಪ ಎಳಿ. ಒಂದೇ ಸಲ ಎಳೀಬೇಡ."

ಇಂಜಿನ್ ಚೀರಿದ್ದು ಕೇಳಿಸಿತು. ಒಂದು ಮಗು ಅಳಲು ಶುರುಮಾಡಿತು. ಬಸ್ಸು ಬರ್ತಿದೆ ಎಂದು ನಯನ ಹೇಳಿದಳು, ಕೂಗಲಿಲ್ಲ, ಸುಮ್ಮನೆ ಹೇಳಿದಳು. ಆಮೇಲೆ ತಗಡು ಉಜ್ಜುವ ಸದ್ದು, ಒಂದು ಧಡ್, ಲೈನು ಕಡಿದುಹೋಯಿತು.

ಶಿವಯೋಗಿ ಮತ್ತೆ ಬೈಕು ಏರಿ ಹೊರಟ. ನಾಲ್ಕು ಕಿಲೋಮೀಟರಿಗೆ ಎಷ್ಟು ತಿರುವು ಬಂದವೋ, ಪ್ರತಿಯೊಂದರ ಆಚೆಗೂ ಏನು ಕಾಣುತ್ತದೋ ಎಂದು ಕಣ್ಣು ಹಿಂಜರಿಯುತ್ತಿತ್ತು.

ಕಾರು ರಸ್ತೆಯ ಎಡಕ್ಕೆ, ಚರಂಡಿಯಲ್ಲಿ ಎರಡು ಗಾಲಿ ಇಳಿಸಿ, ಗುಡ್ಡ ಕಡಿದ ಮಣ್ಣಿನ ದರೆಗೆ ಒರಗಿ ನಿಂತಿತ್ತು. ಸೇತುವೆಗೆ ಹತ್ತು ಮಾರೂ ಉಳಿದಿರಲಿಲ್ಲ. ಎರಡನೇ ಗೇರಿಗೆ ಬಂದು ವೇಗ ತಗ್ಗಿದ ಮೇಲೆ ನಾಗೇಶ ಬೇಕೆಂದೇ ಕಾರನ್ನು ದರೆಗೆ ಉಜ್ಜಿಸಿ ನಿಲ್ಲಿಸಿದ್ದ. ಬಸ್ಸಿನ ಜನ ಇಳಿದು ಸುತ್ತ ನಿಂತಿದ್ದರು. ಮಕ್ಕಳಿಗೆ ಏನೂ ಆಗಿರಲಿಲ್ಲ. ತಾಯಿ ತುಂಗಮ್ಮ ಕಲ್ಲಿನ ಮೇಲೆ ಕೂತು, ಊದಿದ ಬಲ ಮುಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ನಾಗೇಶ ಓಡಿ ಬಂದು ಶಿವಯೋಗಿಯ ಎರಡೂ ಕೈ ಹಿಡಿದುಕೊಂಡ. ನೀವು ಫೋನ್ ಮಾಡದಿದ್ದರೆ ನಾವು ಉಳಿಯುತ್ತಿರಲಿಲ್ಲ ಎಂದ. ಯಾವುದೋ ಕಲ್ಲು ಸಿಡಿದು ಪೈಪಿಗೆ ಬಡಿದಿರಬೇಕು ಎಂದು ಬಸ್ಸಿನ ಡ್ರೈವರ್ ಹೇಳಿದ್ದನ್ನು ಅವನೂ ನಂಬಿದ್ದ. ಸುತ್ತ ನಿಂತವರೆಲ್ಲ ಶಿವಯೋಗಿಯನ್ನು ದೇವರ ಹಾಗೆ ನೋಡುತ್ತಿದ್ದರು. ಆ ನಿಮಿಷ ಫೋನಿನಲ್ಲಿ ಮಾತಾಡಿದ್ದಕ್ಕಿಂತಲೂ ಕಷ್ಟವಾಗಿತ್ತು ಎನ್ನುತ್ತಾನೆ ಅವನು.

"ಕಲ್ಲಲ್ಲ ನಾಗೇಶ. ನಾನು ಹಾಕಿದ್ದೇ ತಪ್ಪು. ಜನ ಕೂರಿಸಿ ನೋಡಿರಲಿಲ್ಲ."

ನಾಗೇಶ ಕೈ ಬಿಟ್ಟ. ದೂರ ಹೋಗಿ ಸೇತುವೆಯ ಕಟ್ಟೆಗೆ ಮುಖ ಮಾಡಿ ನಿಂತ. ತುಂಗಮ್ಮ ತಲೆಯೆತ್ತಿ ಶಿವಯೋಗಿಯನ್ನು ನೋಡಿದರು.

"ಮಕ್ಕಳಿದ್ರು ಕಣಪ್ಪ ಕಾರಲ್ಲಿ" ಎಂದರು. ಅಷ್ಟೇ.

ಅವರ ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಶಿವಯೋಗಿಯೇ ಬಾಡಿಗೆ ಗಾಡಿ ಹಿಡಿದು ಸೊರಬದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬ್ಯಾಂಡೇಜ್ ಕಟ್ಟುವವರೆಗೆ ಬಾಗಿಲಲ್ಲಿ ನಿಂತಿದ್ದ. ಮಾರನೆಯ ದಿನ ಕಾರು ಎಳೆಸಿಕೊಂಡು ಬಂದು, ಕಿಟ್ ಕಳಚಿ ಪೆಟ್ಟಿಗೆಗೆ ಹಾಕಿ ಡಿಕ್ಕಿಯಲ್ಲಿಟ್ಟು, ಕಂಪನಿಯ ಹಳೆಯ ಬ್ರೇಕನ್ನೇ ಕೂರಿಸಿ, ತಗಡಿನ ಕೆಲಸ ಮಾಡಿಸಿ ಜಡೆಗೆ ಒಯ್ದು ಬಿಟ್ಟ. ನಾಗೇಶ ಕೀಲಿ ತೆಗೆದುಕೊಂಡನೇ ಹೊರತು ಮಾತಾಡಲಿಲ್ಲ.

ಆಮೇಲೆ ನಾಲ್ಕು ತಿಂಗಳು ಶಿವಯೋಗಿ ಒಂದು ಕಿಟ್ಟೂ ಹಾಕಲಿಲ್ಲ. ಉಳಿದ ಇಪ್ಪತ್ತೊಂಬತ್ತು ಕಾರಿನವರನ್ನೂ ಒಬ್ಬೊಬ್ಬರನ್ನಾಗಿ ಕರೆಸಿದ. ಯಾಕೆ ಎಂದು ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಕೆಲವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಮರಳಿನ ಮೂಟೆ ಪೇರಿಸಿ, ಪೈಪಿಗೆ ಸೀಮೆಸುಣ್ಣ ಬಳಿದು, ಗಾಲಿಗಳನ್ನು ನೆಲದ ಮೇಲೆಯೇ ಇಟ್ಟು ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುವುದು ಈಗ ಅವನ ಪದ್ಧತಿ. ಗಾಲಿಗೆ ಬಿಳಿ ಹತ್ತಿದರೆ ಪೈಪು ತಾಗುತ್ತಿದೆ ಎಂದೇ ಅರ್ಥ. ಇನ್ನೊಂದು ಕಾರಿನಲ್ಲಿ ಹೀಗೆ ಬಿಳಿ ಹತ್ತಿತು. ಅವತ್ತು ಅವನು ಊಟ ಮಾಡಲಿಲ್ಲ ಎಂದು ಸಂಗೀತ ಹೇಳುತ್ತಾಳೆ.

ಏಪ್ರಿಲ್‌ನಲ್ಲಿ ನಾಗೇಶ ಬಂದ. ಕಿಟ್ಟಿನ ಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಅಪ್ಪ ಹೇಳಿದರು, ಹಾಕಿಸುವುದಾದರೆ ಅವನ ಹತ್ತಿರವೇ ಹಾಕಿಸು ಅಂದರು ಎಂದ. ಶಿವಯೋಗಿ ಪೈಪನ್ನು ಒಳಕ್ಕೆ ಹಿಡಿದಿಡುವ ಕೊಂಡಿಯೊಂದನ್ನು ತಾನೇ ಬೆಸೆದು, ಎರಡು ದಿನ ತೆಗೆದುಕೊಂಡು ಕೆಲಸ ಮುಗಿಸಿದ. ಸೀಮೆಸುಣ್ಣ ಎಲ್ಲೂ ಅಳಿಸಲಿಲ್ಲ. ಆದರೂ ತಾನೇ ಹಿಂದಿನ ಸೀಟಿನಲ್ಲಿ ಮೂಟೆಗಳ ಪಕ್ಕ ಕೂತು, ನಾಗೇಶನ ಕೈಯಲ್ಲಿ ತೊಗರ್ಸಿಯವರೆಗೆ ಓಡಿಸಿ ನೋಡಿದ.

ಮುಂದಿನ ಭಾನುವಾರ ಆ ಮನೆಯವರು ಮತ್ತೆ ಕುಮಟಾಕ್ಕೆ ಹೊರಟರು. ಅವತ್ತು ಶಿವಯೋಗಿ ಯಾವ ಕಾರನ್ನೂ ಮುಟ್ಟಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಸಂಗೀತ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಒಂದೂ ಮುಕ್ಕಾಲಿಗೆ ನಯನ ಫೋನ್ ಮಾಡಿ, ಘಾಟಿ ಇಳಿದು ಬಂದೆವು, ಅಮ್ಮ ಸಮುದ್ರದ ಹತ್ತಿರ ಹೋಗಿದ್ದಾರೆ ಎಂದಳು. ಅವನು ಎದ್ದು ಊಟಕ್ಕೆ ಕೈ ತೊಳೆದುಕೊಂಡ.