ಕೆಳಗಿನ ಅರ್ಧ ಆಪತ್ತಿಗೆ

ಅವರ ಬಲಗಿವಿಯ ಮುಂದೆ ರೂಪಾಯಿಯಗಲದ ಒಂದು ಕಪ್ಪು ಜಡ್ಡಿತ್ತು. ಓಡುವ ಜನರೇಟರಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಆದ ಜಡ್ಡು ಅದು. "ಇದಕ್ಕೆ ಕೆಮ್ಮು ಶುರುವಾಗಿದೆ ಮೇಡಮ್, ಇನ್ನೆರಡು ವಾರ ಅಷ್ಟೇ" ಅಂದರೆಂದರೆ, ಹದಿನೈದನೇ ದಿನಕ್ಕೆ ಅದು ಮಲಗಿತೆಂದೇ ಲೆಕ್ಕ.

ಜನ ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ನಡೆಸುತ್ತಿದ್ದ ಕಾಲ. ನಾನು ಶಿವಮೊಗ್ಗದಲ್ಲಿ ಒಂದು ಮೊಬೈಲ್ ಕಂಪನಿಯ ಹೊಸ ಇಂಜಿನಿಯರ್. ಅವರು ಭದ್ರಾವತಿಯವರು, ಗಾಜನೂರಿನಿಂದ ಶಂಕರಘಟ್ಟದವರೆಗೆ ನಮ್ಮ ಟವರುಗಳ ಜನರೇಟರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಬಾಯಲ್ಲಿ ನಾನು ಮೇಡಮ್ ಹೋಗಿ ಬೇಟಿ ಆಗಲು ಎರಡು ತಿಂಗಳು ಸಾಕಾಯಿತು.

ಕರೆಂಟು ಹೋದರೆ ಟವರು ಮೊದಲು ಬ್ಯಾಟರಿಯ ಮೇಲೆ ನಡೆಯುತ್ತದೆ, ಆಮೇಲೆ ಡೀಸೆಲ್ ಜನರೇಟರಿನ ಮೇಲೆ. ಆದರೆ ಡೀಸೆಲ್ಲನ್ನು ಹೆಚ್ಚು ಕುಡಿಯುತ್ತಿದ್ದುದು ಜನರ ಮಾತಲ್ಲ, ಯಂತ್ರಗಳಿಟ್ಟ ಕೋಣೆಯ ಎಸಿ. ಇದು ಉಸ್ತಾದರಿಗೆ ತಡೆಯಲಾಗದ ಸಂಕಟ. ರಾಗಿಗುಡ್ಡದ ಹತ್ತಿರದ ಕೋಣೆಯ ತಾರಸಿಗೆ ತಾವೇ ಹತ್ತಿ ಸುಣ್ಣ ಬಳಿದರು, ಗೋಡೆಗೆ ಕಂಡಿ ಕೊರೆಸಿ ಬಿಸಿಗಾಳಿ ಹೊರಹಾಕುವ ಫ್ಯಾನ್ ಕೂರಿಸಿದರು. ತಪಾಸಣೆಗೆ ಬಂದ ದೊಡ್ಡ ಸಾಹೇಬರು, "ಏನ್ರೀ ಇದು, ಮದುವೆ ಮನೆ ಥರ ಸುಣ್ಣ ಹೊಡೆದಿದ್ದೀರಿ!" ಎಂದು ನಕ್ಕರು.

"ಒಳಗೆ ಬನ್ನಿ ಸಾರ್. ಎಸಿ ಬಂದ್ ಮಾಡಿ ಎರಡು ಗಂಟೆ ಆಯ್ತು. ಬೆವರಿದ್ರೆ ನಂಗೆ ಬೈರಿ" ಎಂದರು ಉಸ್ತಾದ್.

ಸಾಹೇಬರು ಬೆವರಲಿಲ್ಲ. ಬೈಯಲೂ ಇಲ್ಲ.

ಉಳಿಸುವ ಹುಚ್ಚು ಅಷ್ಟಿದ್ದರೂ ಒಂದು ವಿಷಯದಲ್ಲಿ ಮಾತ್ರ ಅವರು ಜಗ್ಗುತ್ತಿರಲಿಲ್ಲ. ಬ್ಯಾಟರಿ ಅರ್ಧಕ್ಕಿಳಿದ ಕೂಡಲೇ ಜನರೇಟರ್ ತಾನಾಗಿ ಶುರುವಾಗಬೇಕು. "ಮೇಲಿನ ಅರ್ಧ ನಮ್ದು ಬೇಟಿ, ಕೆಳಗಿನ ಅರ್ಧ ಆಪತ್ತಿಂದು. ಜನರೇಟರ್ ಎತ್ತಲಿಲ್ಲ, ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾನು ಬಂದು ಮುಟ್ಟೋವರೆಗೆ ಟೈಮ್ ಬೇಕಲ್ಲ? ಆ ಟೈಮ್ ಅಲ್ಲಿದೆ. ಉಳಿಸೋದು ಅಂದ್ರೆ ಚೆಲ್ಲೋದನ್ನ ನಿಲ್ಲಿಸೋದು ಮಾರಾಯ್ತಿ, ಉಪವಾಸ ಕೆಡವೋದಲ್ಲ."

ಭದ್ರಾವತಿಗೆ ಹೋದಾಗಲೆಲ್ಲ ಅವರ ಮನೆಯಲ್ಲೇ ನನ್ನ ಊಟ. ಚಾಚಿಗೆ, ಅಂದರೆ ಅವರ ಹೆಂಡತಿಗೆ, ಹೃದಯದ ಕಾಯಿಲೆ. ಮಕ್ಕಳಿರಲಿಲ್ಲ. ತಾವೇ ಹೊಲಿದ ಬಟ್ಟೆಯ ಚೀಲದಲ್ಲಿ ಫೋನನ್ನು ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಗಂಡಹೆಂಡಿರ ನಡುವೆ ಒಂದು ಕರಾರು: ಒಂದು ಮಿಸ್ಡ್ ಕಾಲ್ ಎಂದರೆ ಊಟಕ್ಕೆ ಬನ್ನಿ, ಎರಡೆಂದರೆ ಮಾತ್ರೆ ತನ್ನಿ, ಮೂರೆಂದರೆ ಇದ್ದ ಕೆಲಸ ಬಿಟ್ಟು ಓಡಿಬನ್ನಿ. "ಮಾತಾಡಿದ್ರೆ ಇವರ ಟವರ್‌ಗೆ ಆಯಾಸ ಆಗುತ್ತಂತೆ!" ಎಂದು ಚಾಚಿ ನನ್ನೆದುರೇ ಗಂಡನನ್ನು ಛೇಡಿಸುತ್ತಿದ್ದರು. ಮೂರನೆಯದನ್ನು ಅವರು ಒಮ್ಮೆಯೂ ಕೊಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಕಂಪನಿ ಊರೂರಿಗೆ ಪೈಪೋಟಿ ಹಚ್ಚಿತು, ಯಾರ ಟವರು ಕಡಿಮೆ ಡೀಸೆಲ್ ಕುಡಿಯುತ್ತದೆ ಎಂದು. ನಾವು ಎರಡನೇ ಸ್ಥಾನದಲ್ಲಿದ್ದೆವು. ನನಗೆ ಮೊದಲನೆಯದು ಬೇಕಾಗಿತ್ತು. ಉಸ್ತಾದ್ ಗಾಜನೂರಿಗೆ ಹೋಗಿದ್ದ ದಿನ ಭದ್ರಾವತಿಯ ಅವರ ಬಡಾವಣೆಯ ಟವರಿಗೆ ಹೋಗಿ, ಅರ್ಧಕ್ಕಿದ್ದ ಸೆಟ್ಟಿಂಗನ್ನು ಕಾಲು ಭಾಗಕ್ಕಿಂತಲೂ ಕೆಳಗಿಳಿಸಿದೆ. ಹಳೇ ಕಾಲದವರು, ಅವರದು ಅತಿ ಎಚ್ಚರ ಅಂದುಕೊಂಡೆ. ಬುದ್ಧಿಗೇಡಿ ನಾನು! ಅವರಿಗೆ ಹೇಳಲೂ ಇಲ್ಲ. ಮೂರು ವಾರ ಡೀಸೆಲ್ ಉಳಿಯಿತು, ನಾನು ಬೀಗಿದೆ.

ನಾಲ್ಕನೇ ವಾರ ಒಂದು ಬೆಳಿಗ್ಗೆ ಭದ್ರಾವತಿಯಲ್ಲಿ ಕರೆಂಟು ಹೋಯಿತು. ಬ್ಯಾಟರಿ ತಳ ಮುಟ್ಟುವ ಹೊತ್ತಿಗೆ ಜನರೇಟರಿಗೆ ಶುರುವಾಗುವ ಸೂಚನೆ ಹೋಗಿದೆ, ಅದು ಎತ್ತಲಿಲ್ಲ. ನಮ್ಮ ಕಚೇರಿಯಿಂದ ಸುದ್ದಿ ಮುಟ್ಟಿ ಉಸ್ತಾದ್ ಶಂಕರಘಟ್ಟದಿಂದ ಸ್ಕೂಟರ್ ಹತ್ತಿದರು. ಅವರು ಅರ್ಧ ದಾರಿಗೆ ಬರುವುದರೊಳಗೆ ಟವರು ಸತ್ತಿತ್ತು. ಆ ಬಡಾವಣೆಗಿದ್ದದ್ದು ನಮ್ಮದೊಂದೇ ಟವರು. ಅದೇ ಹೊತ್ತಿಗೆ ನಾನು ಸಭೆಯಲ್ಲಿ ನಿಂತು ನಮ್ಮ ಉಳಿತಾಯದ ನಕ್ಷೆ ತೋರಿಸುತ್ತಿದ್ದೆ.

ಉಸ್ತಾದ್ ಮೊದಲು ಟವರಿಗೆ ಹೋಗಿ ಜನರೇಟರ್ ಎಬ್ಬಿಸಿದರು. ಆಮೇಲೆ ಊಟಕ್ಕೆಂದು ಮನೆಗೆ ಹೋದರು. ಚಾಚಿ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದರು, ಉಸಿರಿರಲಿಲ್ಲ, ಫೋನು ಕೈಯಲ್ಲೇ ಇತ್ತು. ಗಂಡನ ನಂಬರಿಗೆ ಏಳು ಸಲ ಒತ್ತಿದ್ದರು. ಒಂದೂ ಹೋಗಿರಲಿಲ್ಲ.

ಮಾರನೇ ದಿನ ಕಳ್ಳಿಯ ಹಾಗೆ ನಾನು ಆ ಟವರಿಗೆ ಹೋದೆ, ಸೆಟ್ಟಿಂಗ್ ಮೊದಲಿನಂತೆ ಮಾಡಿಬಿಡೋಣ ಎಂದು. ಅದಾಗಲೇ ಅರ್ಧಕ್ಕೆ ಬಂದಿತ್ತು. ಅಲ್ಲಿನ ಪುಸ್ತಕದಲ್ಲಿ ಉಸ್ತಾದರ ದುಂಡನೆಯ ಕನ್ನಡ ಅಕ್ಷರ: "ಜನರೇಟರ್ ಎತ್ತಲಿಲ್ಲ. ತಪ್ಪು ನನ್ನದು." ನಾನು ಅಲ್ಲೇ ಕೂತು ಅತ್ತೆ. ಅತ್ತೆನೇ ಹೊರತು ಯಾರಿಗೂ ಬಾಯಿ ಬಿಡಲಿಲ್ಲ.

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. "ಕಿವಿ ಮೋಸ ಮಾಡ್ತು ಬೇಟಿ. ಹಿಂದಿನ ದಿನ ತಾನೇ ಕೇಳಿದ್ದೆ, ಚೆನ್ನಾಗೇ ಇತ್ತು" ಎಂದಷ್ಟೇ ಹೇಳಿ ಶಿವಮೊಗ್ಗದ ತಂಗಿಯ ಮನೆ ಸೇರಿದರು. ಹಬ್ಬಕ್ಕೆ ನನ್ನನ್ನು ತಪ್ಪದೆ ಕರೆಯುತ್ತಿದ್ದರು. ಅವರು ಬಡಿಸುತ್ತಿದ್ದರೆ ನಾನು ತಟ್ಟೆಯಿಂದ ಕಣ್ಣೆತ್ತದೆ ತಿಂದು ಎದ್ದುಬರುತ್ತಿದ್ದೆ.

ನಾಲ್ಕು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅವರ ನಂಬರಿನಿಂದ ಮಿಸ್ಡ್ ಕಾಲ್ ಬಂತು. ಮತ್ತೊಂದು ಬಂತು. ಮೂರನೆಯದು ಬಂದಾಗ ನಾನು ಚಪ್ಪಲಿ ಹುಡುಕುತ್ತಿದ್ದೆ.

ಮಂಚದ ಮೇಲೆ ಅವರು ಅರ್ಧಕ್ಕರ್ಧ ಆಗಿದ್ದರು. ಉಸಿರು ಎಳೆದೆಳೆದು ಬರುತ್ತಿತ್ತು. ದಿಂಬಿನಡಿಯಿಂದ ಆ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗಿಟ್ಟರು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಉಸ್ತಾದ್, ಅವತ್ತು ಆ ಸೆಟ್ಟಿಂಗ್ ಇಳಿಸಿದ್ದು ನಾನು."

"ಗೊತ್ತು ಬೇಟಿ. ವಾಪಸ್ ಏರಿಸಿದ್ದು ಯಾರು ಅಂದ್ಕೊಂಡೆ?"

"ಮತ್ತೆ ಯಾಕೆ ಹೇಳಲಿಲ್ಲ?"

"ನಿಂಗೆ ಗೊತ್ತಿತ್ತಲ್ಲ" ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದರು, "ಈಗ ಎಲ್ಲಾ ಕಡೆ ಅರ್ಧಕ್ಕೇ ಸ್ಟಾರ್ಟ್ ಆಗುತ್ತಾ?"

"ಎಲ್ಲಾ ಕಡೆ, ಉಸ್ತಾದ್."

"ಬಸ್, ಸಾಕು" ಎಂದು ಕಣ್ಣು ಮುಚ್ಚಿದರು.

ಮೂರನೇ ದಿನ ಹೋಗಿಬಿಟ್ಟರು. ಗಂಡಸರು ಮಣ್ಣು ಮಾಡಲು ಹೊರಟಾಗ ನಾನು ಅವರ ತಂಗಿಯ ಜೊತೆ ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಅಂಗಡಿಯಲ್ಲಿ ಯಾರದೋ ಜನರೇಟರ್ ಓಡುತ್ತಿತ್ತು. ಬ್ಯಾಗಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು, ಎದ್ದುಹೋಗಿ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಓಡುವ ಸದ್ದಷ್ಟೇ; ಅವರು ಕೇಳುತ್ತಿದ್ದುದು ನನಗೆ ಏನೂ ಕೇಳಿಸಲಿಲ್ಲ.